ಜೆಲ್ ಕ್ಯಾಂಡಲ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಮೇಡಂ, ಸೋಯಾ ಮೇಣದಲ್ಲಿ ನಾಲ್ಕೈದು ಸಲ ಕ್ಯಾಂಡಲ್ ಮಾಡಿದ್ದೇನೆ, ಚೆನ್ನಾಗೇ ಬಂದಿವೆ. ಈಗ ಗಾಜಿನ ಲೋಟದೊಳಗೆ ಸಮುದ್ರದ ತಳದ ಹಾಗೆ ಕಾಣುವ ಜೆಲ್ ಕ್ಯಾಂಡಲ್ ಮಾಡುವ ಆಸೆ. ಆದರೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಒಂದು ಗಂಟೆ ಕಾಯಿಸಿದರೂ ಜೆಲ್ ಸರಿಯಾಗಿ ಕರಗಲಿಲ್ಲ, ಅಂಟಂಟಾಗಿಯೇ ಉಳಿಯಿತು. ನೇರವಾಗಿ ಒಲೆಯ ಮೇಲೆ ಇಡಬಹುದಾ? ಭಯ ಆಗುತ್ತದೆ.

ಉತ್ತರ: ಭಯ ಇರಲಿ, ಒಳ್ಳೆಯದೇ. ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಜೆಲ್ ಅಂದರೆ ಮೇಣ ಅಲ್ಲ, ಅದು ಎಣ್ಣೆ. ಹೆಚ್ಚುಕಡಿಮೆ ಪೂರ್ತಿ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ, ಬಣ್ಣವಿಲ್ಲದ ಎಣ್ಣೆ), ಅದನ್ನು ಗಟ್ಟಿಯಾಗಿ ಹಿಡಿದಿಡಲು ಸ್ವಲ್ಪ ಪಾಲಿಮರ್ (ರಬ್ಬರ್, ಪ್ಲಾಸ್ಟಿಕ್ ಜಾತಿಯ ವಸ್ತು), ಅಷ್ಟೇ. ನೋಡಲು ತಣ್ಣಗೆ, ನೀರಿನ ಹಾಗೆ ಕಾಣುತ್ತದೆ, ಅದಕ್ಕೇ ಹೊಸಬರು ಮೋಸ ಹೋಗುವುದು. ಕಾಯಿಸುವಾಗ ಅದನ್ನು ಕಾದ ಎಣ್ಣೆ ಅಂತಲೇ ನೋಡಿ.

ನಿಮ್ಮ ಜೆಲ್ ಕರಗದಿದ್ದಕ್ಕೆ ಕಾರಣ ಸುಲಭ. ಸೋಯಾ ಮೇಣ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಜೆಲ್ ಚೆನ್ನಾಗಿ ತೆಳ್ಳಗಾಗಲು 95ರಿಂದ 105 ಡಿಗ್ರಿ ಬೇಕು. ನೀರು 100ಕ್ಕೇ ಕುದಿಯುತ್ತದಲ್ವಾ, ಒಳಗಿನ ಪಾತ್ರೆಗೆ ಅದಕ್ಕಿಂತ ಕಡಿಮೆಯೇ ತಲುಪುತ್ತದೆ. ಹಾಗಾಗಿ ದಪ್ಪ ತಳದ ಸ್ಟೀಲ್ ಪಾತ್ರೆ, ಕರೆಂಟ್ ಒಲೆ, ತೀರಾ ಕಡಿಮೆ ಬಿಸಿ. ಗ್ಯಾಸ್ ಬೇಡ ಅನ್ನುತ್ತೇನೆ, ಪಾತ್ರೆಯ ಪಕ್ಕದಲ್ಲೇ ಬೆಂಕಿ ಇರುತ್ತದೆ, ಒಂದು ತೊಟ್ಟು ಹೊರಗೆ ಚೆಲ್ಲಿದರೂ ಸಾಕು. ಮೈಕ್ರೋವೇವ್ ಕೂಡ ಬೇಡ, ಬಿಸಿ ಎಲ್ಲಿ ಎಷ್ಟಾಯಿತು ಅನ್ನೋದೇ ಗೊತ್ತಾಗುವುದಿಲ್ಲ.

ಜೆಲ್ ಅನ್ನು ಸಣ್ಣ ಸಣ್ಣ ತುಂಡು ಮಾಡಿ ಹಾಕಿ. ಥರ್ಮಾಮೀಟರ್ ಪಾತ್ರೆಯೊಳಗೇ ಇರಲಿ, ಅದರ ತುದಿ ತಳಕ್ಕೆ ತಾಗಬಾರದು. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. 110 ಡಿಗ್ರಿ ದಾಟಲು ಬಿಡಬೇಡಿ. ಹೊಗೆ ಕಂಡಿತು ಅಂದರೆ ಆಗಲೇ ಜಾಸ್ತಿ ಆಗಿದೆ, ತಕ್ಷಣ ಒಲೆ ಆರಿಸಿ. ಕರಗುವುದು ನಿಧಾನ, ಬೇಜಾರಾಗುತ್ತದೆ, ಫೋನ್ ಬಂತು ಅಂತ ಎದ್ದು ಹೋಗಬೇಕು ಅನಿಸುತ್ತದೆ. ಹೋಗುವುದಾದರೆ ಒಲೆ ಆರಿಸಿ ಹೋಗಿ, ಮತ್ತೆ ಕರಗಿಸಿದರೆ ಜೆಲ್‌ಗೆ ಏನೂ ಆಗುವುದಿಲ್ಲ.

ಪಾತ್ರೆಗೆ ಸರಿಯಾಗಿ ಕೂರುವ ಮುಚ್ಚಳ ಪಕ್ಕದಲ್ಲೇ ಇರಲಿ. ಬೆಂಕಿ ಹತ್ತಿದರೆ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೂ ತೆಗೆಯಬೇಡಿ. ನೀರು ಹಾಕಲೇಬಾರದು, ಉರಿಯುವ ಎಣ್ಣೆಗೆ ನೀರು ಬಿದ್ದರೆ ಅದು ಸಿಡಿದು ಬೆಂಕಿ ನಾಲ್ಕೂ ಕಡೆ ಹಾರುತ್ತದೆ. ಪಾತ್ರೆ ಎತ್ತಿಕೊಂಡು ಹೊರಗೆ ಓಡುವುದೂ ಬೇಡ. ಬೆಂಕಿ ಪಾತ್ರೆ ಬಿಟ್ಟು ಹೊರಗೆ ಹರಡಿದರೆ ಮಾತ್ರ ನೀವು ಹೊರಗೆ ಹೋಗಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಪ್ರಶ್ನೆ: ಪರಿಮಳಕ್ಕೆ ಮನೆಯಲ್ಲಿರುವ ಪರ್ಫ್ಯೂಮ್ ಹಾಕಬಹುದಾ? ಕ್ಯಾಂಡಲ್‌ಗೆ ಅಂತಲೇ ತಂದ ಎಣ್ಣೆಯೂ ಇದೆ, ಅದು ಮೇಣದ್ದು.

ಉತ್ತರ: ಪರ್ಫ್ಯೂಮ್ ಖಂಡಿತ ಬೇಡ, ಅದರಲ್ಲಿ ಆಲ್ಕೋಹಾಲ್ ಇರುತ್ತದೆ. ಮೇಣದ ಎಣ್ಣೆ ಎಲ್ಲವೂ ಜೆಲ್‌ಗೆ ಹೊಂದುವುದಿಲ್ಲ. ಹೊಂದದ ಎಣ್ಣೆ ಜೆಲ್ ಒಳಗೆ ಬೇರೆಯಾಗಿ ಒಂದು ಕಡೆ ಸೇರಿಕೊಳ್ಳುತ್ತದೆ, ಕ್ಯಾಂಡಲ್ ಉರಿಯುವಾಗ ಅಲ್ಲಿಗೆ ಜ್ವಾಲೆ ತಲುಪಿದರೆ ಬತ್ತಿ ಬಿಟ್ಟು ಮೇಲ್ಭಾಗವೇ ಹತ್ತಿಕೊಳ್ಳಬಹುದು. ಇದನ್ನು ಮೊದಲೇ ನೋಡಿಕೊಳ್ಳುವ ದಾರಿ ಇದೆ. ಒಂದು ಸಣ್ಣ ಗಾಜಿನ ಬಾಟಲಿಯಲ್ಲಿ ಒಂದು ಪಾಲು ಪರಿಮಳದ ಎಣ್ಣೆ, ಮೂರು ಪಾಲು ಮಿನರಲ್ ಆಯಿಲ್ ಹಾಕಿ ಕಲಕಿ, ಸ್ವಲ್ಪ ಹೊತ್ತು ಸುಮ್ನೆ ಇಡಿ. ತಿಳಿಯಾಗಿಯೇ ಉಳಿದರೆ ಸರಿ. ಮಬ್ಬಾದರೆ, ಗೆರೆಗೆರೆ ಕಂಡರೆ, ಎರಡು ಪದರ ಆದರೆ ಆ ಎಣ್ಣೆ ಮೇಣಕ್ಕೇ ಇರಲಿ.

ಜೊತೆಗೆ ಅದರ ಫ್ಲ್ಯಾಶ್ ಪಾಯಿಂಟ್ ಎಷ್ಟು ಅಂತ ಮಾರುವವರನ್ನು ಕೇಳಿ. ಅಂದರೆ ಎಷ್ಟು ಬಿಸಿಗೆ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ ಅನ್ನುವ ಲೆಕ್ಕ. 77 ಡಿಗ್ರಿಗಿಂತ ಕಡಿಮೆ ಇರುವುದು ಜೆಲ್‌ಗೆ ಬೇಡವೇ ಬೇಡ. ಜೆಲ್ ಸುರಿಯುವುದೇ 90ರ ಮೇಲೆ, ಹಾಗಾಗಿ ನಾನಂತೂ 100ಕ್ಕಿಂತ ಜಾಸ್ತಿ ಇರುವುದನ್ನೇ ಹುಡುಕಿ ತರುತ್ತೇನೆ. ಅಳತೆ: 100 ಗ್ರಾಂ ಜೆಲ್‌ಗೆ 3 ಗ್ರಾಂ. ಗಟ್ಟಿ ಜೆಲ್ ಇನ್ನೂ ಸ್ವಲ್ಪ ಹಿಡಿಯುತ್ತದೆ ನಿಜ, ಮೊದಲ ಕೆಲವು ಸಲ 3ಕ್ಕೇ ನಿಲ್ಲಿಸಿ. ಒಲೆ ಆರಿಸಿದ ಮೇಲೆಯೇ ಹಾಕಿ, ಮೆಲ್ಲಗೆ ತಿರುಗಿಸಿ.

ಪ್ರಶ್ನೆ: ಜೆಲ್ ತುಂಬ ಗುಳ್ಳೆ ಬರುತ್ತಿದೆ, ಏನು ಮಾಡಲಿ?

ಉತ್ತರ: ತಣ್ಣನೆಯ ಲೋಟಕ್ಕೆ ಸುರಿಯುತ್ತಿದ್ದೀರಿ ಅನಿಸುತ್ತದೆ. ಲೋಟವನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ, ಅದನ್ನು ಓರೆ ಹಿಡಿದು ಒಳಗೋಡೆಯ ಮೇಲೆ ಜಾರುವಂತೆ ನಿಧಾನ ಸುರಿಯಿರಿ. ಜೋರಾಗಿ ಕಲಕಬೇಡಿ. ಬತ್ತಿಯನ್ನು ಮೊದಲೇ ಕರಗಿದ ಜೆಲ್‌ನಲ್ಲಿ ಅದ್ದಿ ತೆಗೆದರೆ ಅದರೊಳಗಿನ ಗಾಳಿ ಹೋಗುತ್ತದೆ. ಮೇಣ ಹಚ್ಚಿದ ಬತ್ತಿ ಇಲ್ಲಿಗೆ ಆಗುವುದಿಲ್ಲ, ಜೆಲ್ ಮಬ್ಬಾಗುತ್ತದೆ. ಒಂದೆರಡು ಗುಳ್ಳೆ ಉಳಿದರೆ ಉಳಿಯಲಿ ಬಿಡಿ, ಸಮುದ್ರದ ಕ್ಯಾಂಡಲ್‌ಗೆ ಅದು ಚೆಂದವೇ.

ಪ್ರಶ್ನೆ: ಒಳಗೆ ಒಣಗಿದ ಹೂವು, ಪ್ಲಾಸ್ಟಿಕ್ ಮೀನು, ಚಿಪ್ಪು ಇಡಬೇಕು ಅಂತಿದ್ದೇನೆ. ಬಣ್ಣಕ್ಕೆ ಮಕ್ಕಳ ಕ್ರೇಯಾನ್ ಸಾಕಲ್ವಾ?

ಉತ್ತರ: ಚಿಪ್ಪು ಸರಿ. ಹೂವು, ಪ್ಲಾಸ್ಟಿಕ್ ಎರಡೂ ಬೇಡ. ಮೇಣದಲ್ಲಿ ಇಟ್ಟ ಹೂವು ಮರೆಯಲ್ಲಿರುತ್ತದೆ, ಇಲ್ಲಿ ಎಲ್ಲವೂ ಕಾಣುತ್ತದೆ ಅನ್ನುವ ಆಸೆಗೆ ಜನ ಏನೇನೋ ಇಡುತ್ತಾರೆ. ಜ್ವಾಲೆ ಇಳಿಯುತ್ತಾ ಬಂದಾಗ ಆ ಹೂವು ಇನ್ನೊಂದು ಬತ್ತಿಯೇ ಆಗಿಬಿಡುತ್ತದೆ. ಉರಿಯದ ವಸ್ತು ಮಾತ್ರ ಇಡಿ: ಗಾಜಿನ ಗೋಲಿ, ಬೆಣಚುಕಲ್ಲು, ಚಿಪ್ಪು, ಮರಳು. ಅವೂ ಬತ್ತಿಯಿಂದ ಒಂದೂವರೆ ಸೆಂಟಿಮೀಟರ್ ಆದರೂ ದೂರ, ಗಾಜಿನ ಕಡೆಗೆ ಇರಲಿ.

ಎಲ್ಲವೂ ಪೂರ್ತಿ ಒಣಗಿರಬೇಕು, ಇದನ್ನು ಒತ್ತಿ ಹೇಳುತ್ತೇನೆ. ಕಲಿಯುತ್ತಿದ್ದ ದಿನಗಳಲ್ಲಿ ತೊಳೆದ ಚಿಪ್ಪನ್ನು ಬಟ್ಟೆಯಲ್ಲಿ ಒರೆಸಿ ಹಾಗೇ ಬಿಸಿ ಜೆಲ್‌ಗೆ ಹಾಕಿದ್ದೆ, ಸುರುಳಿಯೊಳಗೆ ನೀರು ಉಳಿದಿತ್ತು, ಜೆಲ್ ಚಟಪಟ ಸಿಡಿದು ಮಣಿಕಟ್ಟು ಸುಟ್ಟಿತು. ಜೆಲ್ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ, ಅದಕ್ಕೇ ನೀರಿಗಿಂತ ಜಾಸ್ತಿ ಸುಡುತ್ತದೆ. ಹಾಗೇನಾದರೂ ಆದರೆ ಕಿತ್ತು ತೆಗೆಯಬೇಡಿ, 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಗಾಯ ದೊಡ್ಡದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಕ್ರೇಯಾನ್ ಬೇಡ, ಅದರ ಬಣ್ಣದ ಪುಡಿ ಬತ್ತಿಯೊಳಗೆ ಕಟ್ಟಿಕೊಳ್ಳುತ್ತದೆ. ಎಣ್ಣೆಯಲ್ಲಿ ಕರಗುವ ಕ್ಯಾಂಡಲ್ ಬಣ್ಣ, ಅದೂ ಚೂರೇ ಚೂರು.

ಪ್ರಶ್ನೆ: ಯಾವ ಲೋಟ ಒಳ್ಳೆಯದು? ಎಷ್ಟು ಹೊತ್ತು ಉರಿಸಬಹುದು?

ಉತ್ತರ: ದಪ್ಪ ಗಾಜಿನ, ಬಿರುಕಿಲ್ಲದ, ಬಾಯಿ 5 ಸೆಂಟಿಮೀಟರ್‌ಗಿಂತ ಅಗಲ ಇರುವ ಲೋಟ. ಮೇಲೆ ಕಿರಿದಾಗುವ ತೆಳು ಗ್ಲಾಸ್ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ, ಜೆಲ್ ಮೇಣಕ್ಕಿಂತ ಜಾಸ್ತಿ ಬಿಸಿಯಾಗಿ ಉರಿಯುತ್ತದೆ, ಗಾಜು ಸೀಳಬಹುದು. ಬತ್ತಿ 6 ಮಿಲಿಮೀಟರ್‌ಗೆ ಕತ್ತರಿಸಿ ಹಚ್ಚಿ. ಒಮ್ಮೆಗೆ ಎರಡು ಮೂರು ಗಂಟೆ ಸಾಕು. ತಳದಲ್ಲಿ ಒಂದು ಸೆಂಟಿಮೀಟರ್ ಜೆಲ್ ಉಳಿದಾಗ ಆರಿಸಿ, ಮತ್ತೆ ಹಚ್ಚಬೇಡಿ. ಬತ್ತಿ ನಿಲ್ಲಿಸುವ ತಗಡಿನ ಬಿಲ್ಲೆಯಲ್ಲಿ ಉದ್ದ ಕೊರಳಿನದು ಸಿಗುತ್ತದೆ, ಅದನ್ನು ಹಾಕಿದರೆ ಜ್ವಾಲೆ ತಳ ಮುಟ್ಟುವ ಮೊದಲೇ ತಾನಾಗಿ ಆರುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕ್ಯಾಂಡಲ್ ಹಚ್ಚದೇ ಇದ್ದಾಗಲೂ ಎತ್ತರದಲ್ಲಿಡಿ, ಬಣ್ಣದ ಜೆಲ್ ಅವರಿಗೆ ತಿನ್ನುವ ಜೆಲ್ಲಿ ಥರವೇ ಕಾಣುತ್ತದೆ. ಪಾತ್ರೆಯಲ್ಲಿ ಉಳಿದ ಜೆಲ್ ಸಿಂಕ್‌ಗೆ ಸುರಿಯಬೇಡಿ, ಬೆಚ್ಚಗಿರುವಾಗಲೇ ಕಾಗದದಿಂದ ಒರೆಸಿ ಕಸಕ್ಕೆ ಹಾಕಿ.