ಓದುಗರ ಪ್ರಶ್ನೆ: ಹನ್ನೆರಡು ಊರು, ಐದು ದಿನ, ಒಂದು ಕಾರು

ಪ್ರಶ್ನೆ: ಡಿಸೆಂಬರ್ ಕೊನೆಯ ವಾರದಲ್ಲಿ ನಮಗೆ ಐದು ದಿನಗಳ ರಜೆ ದೊರೆತಿದೆ. ನಾನು, ನನ್ನ ಪತ್ನಿ, 13 ಮತ್ತು 8 ವರ್ಷದ ಮಕ್ಕಳು ಹಾಗೂ 72 ವರ್ಷದ ನನ್ನ ತಾಯಿ ಸ್ವಂತ ಕಾರಿನಲ್ಲಿ ಬೆಂಗಳೂರಿನಿಂದ ಹೊರಟು ಚಿತ್ರದುರ್ಗ, ಹಂಪಿ, ಅಂಜನಾದ್ರಿ, ಇಟಗಿ, ಲಕ್ಕುಂಡಿ, ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ ಮತ್ತು ವಿಜಯಪುರ ನೋಡಿಕೊಂಡು ಬರಬೇಕೆಂದಿದ್ದೇವೆ. ತಾಯಿಯವರಿಗೆ ಮಂಡಿನೋವು ಇದೆ. ಊರುಗಳ ಕ್ರಮವನ್ನು ಹೇಗೆ ಇಟ್ಟುಕೊಳ್ಳಬೇಕು?
(ಒಬ್ಬ ಓದುಗರು, ಬೆಂಗಳೂರು)

ಉತ್ತರ: ಕ್ರಮ ಆಮೇಲೆ ನೋಡೋಣ, ಮೊದಲು ಪಟ್ಟಿಯನ್ನು ಕಡಿಮೆ ಮಾಡಬೇಕು. ನಿಮ್ಮ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿವೆ. ಪ್ರತಿಯೊಂದೂ ನೋಡತಕ್ಕದ್ದೇ ಆದರೂ ಇಷ್ಟನ್ನೂ ಐದು ದಿನಗಳಲ್ಲಿ ಮುಗಿಸಿದರೆ ಊರಿಗೆ ಮರಳಿದ ಮೇಲೆ ಮಕ್ಕಳಿಗೆ ನೆನಪಿರುವುದು ಕಾರಿನ ಹಿಂದಿನ ಸೀಟು ಮಾತ್ರ. ದಾರಿ ಪ್ರವಾಸದ ಯೋಜನೆ ಮಾಡುವವರು ಸಾಮಾನ್ಯವಾಗಿ ಕಿಲೋಮೀಟರುಗಳನ್ನು ಕೂಡಿಸುತ್ತಾರೆ, ಆದರೆ ಕೂಡಿಸಬೇಕಾದದ್ದು ಹಗಲು ಬೆಳಕಿನ ಗಂಟೆಗಳನ್ನು. ಡಿಸೆಂಬರಿನಲ್ಲಿ ನಿಮಗೆ ದೊರೆಯುವ ಬೆಳಕು ಹೆಚ್ಚೆಂದರೆ ಹನ್ನೊಂದು ಗಂಟೆಯಷ್ಟು, ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಮತ್ತು ಸಂರಕ್ಷಿತ ಸ್ಮಾರಕಗಳ ಬಾಗಿಲು ಬಹುಪಾಲು ಸೂರ್ಯನೊಂದಿಗೇ ಮುಚ್ಚುತ್ತದೆ. ಹಲವು ವರ್ಷಗಳ ಹಿಂದೆ ನಾನೇ ದಿನಕ್ಕೆ ಐದು ಊರುಗಳ ಲೆಕ್ಕ ಹಾಕಿಕೊಂಡು ಹೊರಟು, ಲಕ್ಕುಂಡಿಯನ್ನು ತಲುಪಿದಾಗ ಕತ್ತಲಾಗಿತ್ತು. ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಇಣುಕಿ ನೋಡಿ ಹಿಂದಿರುಗಿದ್ದು ಈಗಲೂ ನನ್ನ ಮನೆಯಲ್ಲಿ ತಮಾಷೆಯ ವಸ್ತು.

ಆದ್ದರಿಂದ ವಿಜಯಪುರ, ಆಲಮಟ್ಟಿ, ಕೂಡಲಸಂಗಮಗಳನ್ನು ಈ ಸಲ ಬಿಟ್ಟುಬಿಡಿ. ಗೋಲಗುಮ್ಮಟವನ್ನು ಬಿಡಿ ಎಂದು ಹೇಳಲು ನನಗೂ ಮನಸ್ಸಿಲ್ಲ. ಆದರೆ ಬಾದಾಮಿಯಿಂದ ಇನ್ನೂ ನೂರಿಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ, ಅಲ್ಲಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರು ಹಿಂದಿರುಗುವುದು ಐದು ದಿನಗಳ ಪ್ರವಾಸಕ್ಕೆ ಒಗ್ಗುವುದಿಲ್ಲ. ಆ ಮೂರನ್ನು ಸೇರಿಸಿ ಬೇರೆಯೇ ಒಂದು ಪ್ರವಾಸ ಮಾಡಬಹುದು. ಅಂಜನಾದ್ರಿಗೆ 575 ಮೆಟ್ಟಿಲುಗಳಿರುವುದರಿಂದ ನಿಮ್ಮ ತಾಯಿಯವರ ಮಂಡಿಯೇ ಆ ತೀರ್ಮಾನವನ್ನು ಮಾಡಿದೆ.

ಮೊದಲ ದಿನ ಬೆಳಗಿನ ಐದೂವರೆಗೆ ಮನೆ ಬಿಟ್ಟರೆ ನಗರದ ದಟ್ಟಣೆಗೆ ಸಿಕ್ಕದೆ ಹೊರಬೀಳಬಹುದು. ತುಮಕೂರಿನ ಮುಂಚೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮುಂದುವರಿದರೆ, ಸುಮಾರು 200 ಕಿಲೋಮೀಟರು ದೂರದ ಚಿತ್ರದುರ್ಗವನ್ನು ಹತ್ತು ಗಂಟೆಯ ಹೊತ್ತಿಗೆ ಸೇರುತ್ತೀರಿ. ಊರು ಬರುವ ಮೊದಲೇ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು ಕಾಣುತ್ತವೆ. ಏಳು ಸುತ್ತಿನ ಕೋಟೆಯಲ್ಲಿ ತಾಯಿಯವರು ಮೊದಲ ಬಾಗಿಲುಗಳ ತನಕ ನಿಧಾನವಾಗಿ ನಡೆದು ನೆರಳಿನಲ್ಲಿ ಕುಳಿತುಕೊಳ್ಳಲಿ, ನಿಮ್ಮಲ್ಲೊಬ್ಬರು ಮಕ್ಕಳನ್ನು ಒನಕೆ ಓಬವ್ವನ ಕಿಂಡಿಗೆ ಕರೆದುಕೊಂಡು ಹೋಗಲಿ. ಆ ಕಿಂಡಿಯ ಮುಂದೆ ನಿಂತು ಅದರ ಅಗಲ ಎಷ್ಟೆಂದು ಮಗು ತನ್ನ ಭುಜದಿಂದ ಅಳೆದು ನೋಡಿದಾಗ, ಪಾಠಪುಸ್ತಕದಲ್ಲಿ ಓದಿದ ಕಥೆಗೆ ಏಕಾಏಕಿ ಮೈ ಬರುತ್ತದೆ. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದುಕೊಂಡು ಹತ್ತಬೇಡಿ, ಅಲ್ಲಿನ ಕೋತಿಗಳಿಗೆ ಸಂಕೋಚವಿಲ್ಲ. ಮಧ್ಯಾಹ್ನದ ಊಟದ ನಂತರ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಸುಮಾರು 140 ಕಿಲೋಮೀಟರು ಸಾಗಿದರೆ ಕತ್ತಲಾಗುವ ಮುನ್ನ ಹೊಸಪೇಟೆ ಬರುತ್ತದೆ.

ಎರಡನೆಯ ದಿನ ಪೂರ್ತಿ ಹಂಪಿಗೆ ಇರಲಿ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ಹತ್ತು ಗಂಟೆಯಾಯಿತೆಂದರೆ ‘ಶೈಕ್ಷಣಿಕ ಪ್ರವಾಸ’ ಎಂಬ ಬ್ಯಾನರ್ ಕಟ್ಟಿದ ಕೆಂಪು ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ, ಮತ್ತು ಆ ಬಳಿಕ ಕಲ್ಲಿನ ರಥದ ಮುಂದೆ ಸುಮ್ಮನೆ ಎರಡು ನಿಮಿಷ ನಿಲ್ಲುವುದೂ ಕಷ್ಟ. ಹೀಗಾಗಿ ವಿಜಯ ವಿಠ್ಠಲ ದೇವಾಲಯವನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ. ವಾಹನ ನಿಲುಗಡೆಯಿಂದ ದೇವಾಲಯದವರೆಗೆ ಬ್ಯಾಟರಿ ವಾಹನಗಳಿರುವುದರಿಂದ ತಾಯಿಯವರಿಗೂ ತೊಂದರೆಯಾಗದು. 50 ರೂಪಾಯಿಯ ನೋಟನ್ನು ಮಕ್ಕಳ ಕೈಗೆ ಕೊಟ್ಟು, ಅದರ ಹಿಂಬದಿಯ ಚಿತ್ರವನ್ನು ಯಾವ ಜಾಗದಿಂದ ತೆಗೆದಿರಬಹುದೆಂದು ಹುಡುಕಲು ಹೇಳಿ, ಅರ್ಧ ಗಂಟೆ ನಿಮ್ಮನ್ನು ಯಾರೂ ಕಾಡುವುದಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಲಕ್ಷ್ಮೀನರಸಿಂಹ, ಅದರ ಪಕ್ಕದ ಬಡವಿಲಿಂಗ, ಸಾಸಿವೆಕಾಳು ಮತ್ತು ಕಡಲೆಕಾಳು ಗಣಪತಿಗಳು ರಸ್ತೆಗೆ ಹತ್ತಿರದಲ್ಲೇ ಇರುವುದರಿಂದ ಹೆಚ್ಚು ನಡೆಯದೆ ನೋಡಬಹುದು. ವಿಠ್ಠಲ ದೇವಾಲಯದಲ್ಲಿ ಕೊಂಡ ಟಿಕೆಟ್ಟನ್ನು ಎಸೆಯಬೇಡಿ, ಅದೇ ದಿನ ಕಮಲ ಮಹಲಿನ ಆವರಣಕ್ಕೂ ಅದೇ ನಡೆಯುತ್ತದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಕಮಲಾಪುರ ಮತ್ತು ಬಾದಾಮಿಯ ಪುರಾತತ್ತ್ವ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ ಎಂಬುದನ್ನು ದಿನಗಳನ್ನು ನಿಗದಿಪಡಿಸುವಾಗಲೇ ಗಮನಿಸಿ.

ನಿಮ್ಮ ಪ್ರವಾಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮೂರನೆಯ ದಿನ, ಏಕೆಂದರೆ ಅಂದು ದಾರಿಯೇ ನೋಡುವ ವಸ್ತು. ಹೊಸಪೇಟೆಯಿಂದ ಕೊಪ್ಪಳವನ್ನು ದಾಟಿ ಗದಗಿನ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಕುಕನೂರಿನ ಕಡೆಗೆ ತಿರುಗಿದರೆ ಇಟಗಿ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಇಲ್ಲಿನ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಶಾಸನಗಳ ಹೊಗಳಿಕೆಯನ್ನು ಅರ್ಧಕ್ಕೆ ಇಳಿಸಿ ಓದುವುದು ನನ್ನ ಅಭ್ಯಾಸ, ಆದರೆ ಇಟಗಿಯಲ್ಲಿ ಆ ಅಭ್ಯಾಸ ಬೇಡವಾಯಿತು. ಬಳಪದ ಕಲ್ಲಿನ ಕಂಬಗಳನ್ನು ಎಷ್ಟು ನುಣುಪಾಗಿ ಕಡೆದಿದ್ದಾರೆಂದರೆ ಹತ್ತಿರ ಹೋದಾಗ ನಿಮ್ಮ ಅಂಗಿಯ ಬಣ್ಣ ಅದರಲ್ಲಿ ಮಸುಕಾಗಿ ಕಾಣುತ್ತದೆ. ಬಾಗಿಲುವಾಡದ ಬಳ್ಳಿಗಳನ್ನು ತಾಯಿಯವರು ಕುಳಿತಲ್ಲಿಂದಲೇ ಸಾವಕಾಶವಾಗಿ ನೋಡಬಹುದು, ಮೆಟ್ಟಿಲಿನ ಕಾಟವೂ ಹೆಚ್ಚಿಲ್ಲ. ಅಲ್ಲಿಂದ ಮತ್ತೆ ಹೆದ್ದಾರಿಗೆ ಬಂದು ಗದಗಿಗೆ ಸುಮಾರು 12 ಕಿಲೋಮೀಟರು ಇರುವಾಗ ಲಕ್ಕುಂಡಿಯಲ್ಲಿ ಇಳಿಯಿರಿ. ‘ದಾನಚಿಂತಾಮಣಿ’ ಎನಿಸಿದ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ ಗುಡಿ ಮತ್ತು ಮುಸುಕಿನ ಬಾವಿ, ಈ ಮೂರನ್ನು ನೋಡಿದರೆ ಸಾಕು. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತನ್ನು ಕೇಳಿ ಮಕ್ಕಳು ಎಣಿಸಲು ಹೊರಟರೆ ತಡೆಯಿರಿ.

ಗದಗಿನಿಂದ ರೋಣದ ಮೇಲೆ ಬಾದಾಮಿಗೆ ಸುಮಾರು 70 ಕಿಲೋಮೀಟರು. ಈ ದಾರಿಯನ್ನು ಬೆಳಕಿರುವಾಗಲೇ ಮುಗಿಸಬೇಕೆನ್ನಲು ಗಟ್ಟಿಯಾದ ಕಾರಣವಿದೆ. ಡಿಸೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ನಡೆಯುತ್ತಿರುತ್ತದೆ. ಬಾಗಲಕೋಟೆ ಸೀಮೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳಿಗೆ ಎಷ್ಟೋ ಸಲ ಹಿಂಬದಿಯ ದೀಪವೇ ಇರುವುದಿಲ್ಲ, ಹೊರಚಾಚಿದ ಕಬ್ಬಿನ ತುದಿ ಕಣ್ಣಿಗೆ ಬೀಳುವುದು ತೀರ ಹತ್ತಿರ ಬಂದ ಮೇಲೆಯೇ. ನಾಲ್ಕೂವರೆಗೆ ಬಾದಾಮಿ ಸೇರಿದರೆ ಅಗಸ್ತ್ಯ ತೀರ್ಥದ ಪೂರ್ವ ದಂಡೆಯಲ್ಲಿರುವ ಭೂತನಾಥ ಗುಡಿಯ ಮೇಲೆ ಇಳಿಬಿಸಿಲು ಬಿದ್ದಿರುವುದನ್ನು ಕಾಣಬಹುದು.

ನಾಲ್ಕನೆಯ ದಿನ ಬೆಳಿಗ್ಗೆ ಮಂಗಳೇಶನು ಮಾಡಿಸಿದ, 578ರ, ಮೂರನೆಯ ಗುಹೆಯನ್ನು ತಪ್ಪದೆ ನೋಡಿ. ತಾಯಿಯವರಿಗೆ ಮೊದಲ ಗುಹೆಯೇ ಸಾಕು, ಹದಿನೆಂಟು ಕೈಗಳ ನಟರಾಜ ಇರುವುದು ಅಲ್ಲೇ. ಅನಂತರ 22 ಕಿಲೋಮೀಟರು ದೂರದ ಪಟ್ಟದಕಲ್ಲಿಗೆ ಹೋಗಿ. ಕಂಚಿಯ ಮೇಲಿನ ಇಮ್ಮಡಿ ವಿಕ್ರಮಾದಿತ್ಯನ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವೂ ಉತ್ತರದ ಮಾದರಿಯ ಶಿಖರವುಳ್ಳ ಗುಡಿಗಳೂ ಒಂದೇ ಹುಲ್ಲುಹಾಸಿನ ಮೇಲೆ ಅಕ್ಕಪಕ್ಕದಲ್ಲಿ ನಿಂತಿವೆ. ಬಳಿಕ ಐಹೊಳೆಯ ದುರ್ಗ ಗುಡಿ. ಸಂಜೆ ಬಾದಾಮಿಗೆ ಹಿಂದಿರುಗದೆ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಇಳಕಲ್ಲಿನಲ್ಲಿ ಹೆದ್ದಾರಿ 50ನ್ನು ಹಿಡಿದು, ಕುಷ್ಟಗಿಯ ಮೇಲೆ ಹೊಸಪೇಟೆಗೇ ಬಂದು ತಂಗಿ. ಇಳಕಲ್ಲಿನಲ್ಲಿ ಸೀರೆಯ ಅಂಗಡಿಗೆ ಹೋಗುವುದಾದರೆ ಅದಕ್ಕೆ ಎಷ್ಟು ಹೊತ್ತು ಎಂಬುದನ್ನು ಅತ್ತೆ ಸೊಸೆಯರನ್ನೇ ಕೇಳಿ ನಿಗದಿಪಡಿಸಿ, ಮಹಾಕೂಟವನ್ನು ಉಳಿಸಿಕೊಳ್ಳುವುದೋ ಬಿಡುವುದೋ ಅದರ ಮೇಲೆ ನಿಂತಿದೆ. ಹೀಗೆ ಮಾಡಿದರೆ ಕೊನೆಯ ದಿನಕ್ಕೆ ಉಳಿಯುವುದು ಸುಮಾರು 340 ಕಿಲೋಮೀಟರು. ಹಿರಿಯೂರಿನಿಂದ ಒಳಗೆ ಹೋಗಿ ವಾಣಿವಿಲಾಸ ಸಾಗರವನ್ನು ನೋಡಿಯೂ ರಾತ್ರಿ ಊಟಕ್ಕೆ ಮನೆ ಸೇರಬಹುದು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ವೇದಾವತಿಯ ಅಡ್ಡ ಕಟ್ಟಿದ ಈ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು.

ಪ್ರಶ್ನೆ: ಉದ್ಯೋಗದ ನಿಮಿತ್ತ ತಿಂಗಳಿಗೊಮ್ಮೆ ಬೆಂಗಳೂರು ಹುಬ್ಬಳ್ಳಿಗಳ ನಡುವೆ ಕಾರಿನಲ್ಲಿ ಓಡಾಡುತ್ತೇನೆ. ಆರು ಪಥದ ರಸ್ತೆಯಾದ ಮೇಲೆ ಯಾವ ಊರೂ ಕಾಣುವುದಿಲ್ಲ, ಬೇಸರವಾಗುತ್ತದೆ. ದಾರಿಯ ಪಕ್ಕದಲ್ಲಿ ನೋಡುವಂಥದ್ದು ಏನಾದರೂ ಇದೆಯೇ?
(ಒಬ್ಬ ಓದುಗರು, ಹುಬ್ಬಳ್ಳಿ)

ಉತ್ತರ: ಊರುಗಳು ಎಲ್ಲಿಯೂ ಹೋಗಿಲ್ಲ, ಬೈಪಾಸು ನಿಮ್ಮನ್ನು ಅವುಗಳಿಂದ ದೂರ ಇಟ್ಟಿದೆ. ಹಳೆಯ ರಸ್ತೆ ಊರ ನಡುವೆಯೇ ಹಾದುಹೋಗುತ್ತಿದ್ದಾಗ ಎದುರಾಗುತ್ತಿದ್ದ ಗುಡಿ, ಕೆರೆ, ಸಂತೆಗಳಿಗೆ ಈಗ ಸರ್ವಿಸ್ ರಸ್ತೆಗೆ ಇಳಿದೇ ಹೋಗಬೇಕು. ಪ್ರತಿ ಪ್ರಯಾಣದಲ್ಲಿ ಒಂದೇ ಒಂದು ಕಡೆ ಇಳಿಯುವುದೆಂದು ನಿಯಮ ಮಾಡಿಕೊಂಡರೆ ಒಂದು ವರ್ಷಕ್ಕೆ ಸಾಕಾಗುವಷ್ಟು ಸರಕು ಈ ದಾರಿಯಲ್ಲಿದೆ.

ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿ ಹೆದ್ದಾರಿಗೆ ಅಂಟಿಕೊಂಡೇ ಇರುವ ಉತ್ಸವ ರಾಕ್ ಗಾರ್ಡನ್‌ನಿಂದ ಆರಂಭಿಸಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ರೂಪುಗೊಂಡ ಇಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಮೊದಲ ಸಲ ಹೋದಾಗ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರಿಗೆ ದಾರಿ ಕೇಳಲು ಬಾಯಿ ತೆರೆದ ಮೇಲೆ ಅದು ಬೊಂಬೆಯೆಂದು ನನಗೆ ಗೊತ್ತಾಯಿತು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬಂಕಾಪುರವಿದೆ. ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರ ದೇವಾಲಯವೂ ನವಿಲುಧಾಮವೂ ಇರುವುದರಿಂದ, ಅಲ್ಲಿ ಗುಡಿಯ ಮೌನವನ್ನು ಆಗಾಗ ನವಿಲಿನ ಕೂಗು ಒಡೆಯುತ್ತದೆ. ಹರಿಹರದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯಕ್ಕೆ ಒಂದು ಗಂಟೆ ಸಾಕು. ದಾವಣಗೆರೆಯ ಬೆಣ್ಣೆ ದೋಸೆಯನ್ನು ನಾನು ಹೇಳಬೇಕಿಲ್ಲ. ಶಿರಾದ ಸಮೀಪದ ಕಗ್ಗಲಡು ಗ್ರಾಮಕ್ಕೆ ಮಾತ್ರ ಬೇಸಿಗೆಯಲ್ಲಿ ಹೋಗಬೇಕು. ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ, ಕೆಳಗೆ ಜನ ತಮ್ಮ ಪಾಡಿಗೆ ತಾವು ಓಡಾಡಿಕೊಂಡಿರುತ್ತಾರೆ. ಅಲ್ಲಿ ಹಾರ್ನ್ ಮಾಡಬೇಡಿ, ಮರದ ಬುಡದಲ್ಲಿ ಕಾರು ನಿಲ್ಲಿಸಲೂ ಬೇಡಿ. ಎರಡನೆಯದು ಹಕ್ಕಿಗಳಿಗಿಂತ ನಿಮ್ಮ ಕಾರಿನ ಹಿತಕ್ಕಾಗಿ.

ಪ್ರಶ್ನೆ: ಫಾಸ್ಟ್ಯಾಗ್ ವಾರ್ಷಿಕ ಪಾಸು ಇಂಥ ಪ್ರವಾಸಗಳಿಗೆ ಲಾಭದಾಯಕವೇ?
(ಒಬ್ಬ ಓದುಗರು, ತುಮಕೂರು)

ಉತ್ತರ: ವರ್ಷಕ್ಕೆ ಒಂದೇ ಪ್ರವಾಸ ಮಾಡುವವರಿಗೆ ಬೇಕಿಲ್ಲ, ಮೇಲಿನ ಹುಬ್ಬಳ್ಳಿಯ ಓದುಗರಂಥವರಿಗೆ ಖಂಡಿತ ಲಾಭ. 2025ರ ಆಗಸ್ಟ್ 15ರಂದು ಜಾರಿಗೆ ಬಂದಾಗ ಇದರ ದರ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವುದು, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ನಡೆಯುತ್ತದೆ. ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ ಅನ್ವಯಿಸುತ್ತದೆ, ಬಾಡಿಗೆ ಟ್ಯಾಕ್ಸಿಗೆ ಇಲ್ಲ. ರಾಜ್ಯ ಹೆದ್ದಾರಿಗಳ ಟೋಲಿಗೆ ಈ ಪಾಸು ನಡೆಯುವುದಿಲ್ಲವಾದ್ದರಿಂದ ಫಾಸ್ಟ್ಯಾಗ್ ಖಾತೆಯಲ್ಲಿ ಸ್ವಲ್ಪ ಹಣ ಇದ್ದೇ ಇರಲಿ. ಯಾವ ಹೆದ್ದಾರಿಯಲ್ಲಿದ್ದೀರಿ ಎಂಬ ಸಂದೇಹ ಬಂದರೆ ಮೈಲಿಗಲ್ಲನ್ನು ನೋಡಿ: ತಲೆಗೆ ಹಳದಿ ಬಣ್ಣ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಬಳಿದಿದ್ದರೆ ರಾಜ್ಯ ಹೆದ್ದಾರಿ.

ಪ್ರಶ್ನೆ: ಜುಲೈ ತಿಂಗಳಲ್ಲಿ ಕುಂದಾಪುರದಿಂದ ಗೋಕರ್ಣದವರೆಗೆ ಕರಾವಳಿಯ ಹೆದ್ದಾರಿಯಲ್ಲಿ ಹೋಗಬಹುದೇ? ಮಳೆಯಲ್ಲಿ ಮರವಂತೆ ನೋಡುವ ಆಸೆ.
(ಒಬ್ಬ ಓದುಗರು, ಶಿವಮೊಗ್ಗ)

ಉತ್ತರ: ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಸ್ತೆ, ಮರವಂತೆಯನ್ನು ಮಳೆಯಲ್ಲಿ ನೋಡುವ ಆಸೆ ಸಹಜವಾದದ್ದೇ. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದನ್ನು ಮರೆಯುವಂತಿಲ್ಲ. ಆ ಜಾಗ ಗೋಕರ್ಣದ ತಿರುವಿನಿಂದ ಮುಂದಿದೆಯಾದರೂ ಗುಡ್ಡ ಕಡಿದು ರಸ್ತೆ ಮಾಡಿದ ಜಾಗಗಳು ಈ ಕಡೆಗೂ ಇವೆ, ನೀವು ಶಿವಮೊಗ್ಗದಿಂದ ಘಟ್ಟ ಇಳಿಯುವುದೂ ಇದೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಹೊರಡಬೇಡಿ, ಗುಡ್ಡ ಕಡಿದ ಜಾಗದಲ್ಲಿ ಚಹಾ ಕುಡಿಯಲೆಂದು ಕಾರು ನಿಲ್ಲಿಸಬೇಡಿ, ಮರವಂತೆಯಲ್ಲಿ ಅಲೆತಡೆಯ ಕಲ್ಲುಗಳ ಮೇಲೆ ಇಳಿಯಬೇಡಿ. ಅಕ್ಟೋಬರಿಗೆ ಮುಂದೂಡಲು ಸಾಧ್ಯವಾದರೆ ಒಳ್ಳೆಯದು. ಆಗ ಕುಮಟಾದ ಬಳಿಯ ಮಿರ್ಜಾನ್ ಕೋಟೆಯ ಕೆಂಪುಕಲ್ಲಿನ ಗೋಡೆಗಳ ಮೇಲೆ ಹಸಿರು ಇನ್ನೂ ಉಳಿದಿರುತ್ತದೆ, ಮುರುಡೇಶ್ವರದಲ್ಲಿ ಇಪ್ಪತ್ತು ಅಂತಸ್ತಿನ ಗೋಪುರವನ್ನು ಲಿಫ್ಟಿನಲ್ಲಿ ಏರಿದರೆ ಸುಮಾರು 123 ಅಡಿ ಎತ್ತರದ ಶಿವನನ್ನು ಮೇಲಿನಿಂದ ಕಾಣಬಹುದು, ಮಳೆಯ ತೆರೆ ಅಡ್ಡ ಬರುವುದಿಲ್ಲ.

ಪ್ರಶ್ನೆ: ಮೈಸೂರಿನಿಂದ ಊಟಿಗೆ ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಹೊರಟರೆ ದಾರಿಯಲ್ಲಿ ಏನು ನೋಡಬಹುದು?
(ಒಬ್ಬ ಓದುಗರು, ಮೈಸೂರು)

ಉತ್ತರ: ಬಂಡೀಪುರದ ಅರಣ್ಯ ತನಿಖಾ ಠಾಣೆಯ ಮುಚ್ಚಿದ ಗೇಟನ್ನು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಖಾಸಗಿ ವಾಹನಗಳ ಸಂಚಾರಕ್ಕೆ ನಿಷೇಧವಿದೆ. ಶನಿವಾರ ನಸುಕಿನಲ್ಲಿ ಹೊರಟು, ಗುಂಡ್ಲುಪೇಟೆಯ ಆಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, ಸರ್ಕಾರಿ ಬಸ್ಸಿನಲ್ಲಿ ಬೆಟ್ಟ ಹತ್ತಿ ಬನ್ನಿ, ಸ್ವಂತ ವಾಹನವನ್ನು ಮೇಲಕ್ಕೆ ಬಿಡುವುದಿಲ್ಲ.