ಒಡೆಸಾದ ವಯಸ್ಸು, ನಮ್ಮ ತಪ್ಪು

ಓದುಗರ ಪತ್ರ: ‘ಕಳೆದ ಸಂಚಿಕೆಯ ಕಪ್ಪು ಸಮುದ್ರದ ಲೇಖನದಲ್ಲಿ ಒಡೆಸಾ 2,600 ವರ್ಷ ಹಳೆಯ ಗ್ರೀಕ್ ಬಂದರು ಎಂದಿದೆ. ನನ್ನ ತಂಗಿಯ ಮಗ ಅಲ್ಲಿ ಮೆಡಿಕಲ್ ಓದಿದವನು. ಆ ಊರು ಕಟ್ಟಿದ್ದೇ 1794ರಲ್ಲಿ, ರಷ್ಯದ ರಾಣಿ ಕ್ಯಾಥರೀನ್ ಬೇರೆ ಊರಿನ ಹೆಸರನ್ನು ತಪ್ಪಾಗಿ ಇದಕ್ಕೆ ಇಟ್ಟಳು ಅನ್ನುತ್ತಾನೆ. ಯಾವುದನ್ನು ನಂಬಲಿ?’ (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಹುಡುಗನನ್ನೇ ನಂಬಿ. ತಪ್ಪು ನಮ್ಮದು. ಹಸ್ತಪ್ರತಿಯಲ್ಲಿ ‘ಒಡೆಸ್ಸೋಸ್’ ಎಂದಿತ್ತು. ಅದನ್ನು ಕಾಗುಣಿತದ ದೋಷವೆಂದು ತಿಳಿದು ‘ಒಡೆಸಾ’ ಎಂದು ತಿದ್ದಿದ ಕೈ ನನ್ನದೇ. ಒಂದೇ ಪೆನ್ನಿನ ಗೀಟಿನಲ್ಲಿ ಊರು ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಸರಿದುಹೋಯಿತು.

ಒಡೆಸ್ಸೋಸ್ ಇದ್ದದ್ದು ಇಂದಿನ ಬಲ್ಗೇರಿಯಾದ ವಾರ್ನಾದಲ್ಲಿ. ಕ್ರಿ.ಪೂ. 6ನೇ ಶತಮಾನದಲ್ಲಿ ಇಂದಿನ ತುರ್ಕಿಯ ಕರಾವಳಿಯಲ್ಲಿದ್ದ ಮಿಲೆಟಸ್ ನಗರದಿಂದ ಬಂದ ಗ್ರೀಕರು ಅಲ್ಲಿ ನೆಲೆ ನಿಂತರು. ಮುಂದೆ ರೋಮನ್ನರು ಬಂದರು. ಅವರು ಕಟ್ಟಿದ ದೊಡ್ಡ ಸ್ನಾನಗೃಹದ ಗೋಡೆಗಳು ವಾರ್ನಾದ ಮನೆಗಳ ನಡುವೆ ಇವತ್ತಿಗೂ ನಿಂತಿವೆ. ಆದರೆ ಹೆಸರು ಉಳಿಯಲಿಲ್ಲ. ಬಲ್ಗರ್ ಜನ ಆ ಸೀಮೆಗೆ ಕಾಲಿಟ್ಟ 7ನೇ ಶತಮಾನದ ವೃತ್ತಾಂತದಲ್ಲೇ ‘ವಾರ್ನಾ’ ಬರುತ್ತದೆ. 1949ರಿಂದ 1956ರವರೆಗೆ ಅದೇ ಊರಿಗೆ ‘ಸ್ಟಾಲಿನ್’ ಎಂಬ ಹೆಸರೂ ಇತ್ತು. ಪುಣ್ಯಕ್ಕೆ ನಮ್ಮ ಲೇಖನ ಆ ವರ್ಷಗಳ ಬಗ್ಗೆ ಇರಲಿಲ್ಲ!

ಈಗ ಉಕ್ರೇನಿನ ಒಡೆಸಾ. ಅಲ್ಲಿದ್ದದ್ದು ಹಾಜಿಬೇ ಎಂಬ ಸಣ್ಣ ಊರು, ಜತೆಗೆ ಆಟೊಮನ್ ತುರ್ಕರ ಒಂದು ಕೋಟೆ. ಕೋಟೆಯ ಹೆಸರು ಯೆನಿ ದುನ್ಯಾ. ಯೆನಿ ಎಂದರೆ ಹೊಸ, ದುನ್ಯಾ ನಮಗೆಲ್ಲ ಗೊತ್ತಿರುವ ದುನಿಯಾವೇ. 1789ರಲ್ಲಿ ರಷ್ಯದ ಸೇನೆ ಅದನ್ನು ಹಿಡಿಯಿತು. ದಾಳಿಯ ಮುಂದಾಳು ನೇಪಲ್ಸ್‌ನಲ್ಲಿ ಹುಟ್ಟಿದ ಡಿ ರಿಬಾಸ್. ಅಲ್ಲಿ ಬಂದರು ಕಟ್ಟಬೇಕೆಂದು ಕ್ಯಾಥರೀನ್ 1794ರಲ್ಲಿ ಆಜ್ಞೆ ಹೊರಡಿಸಿದಳು, ಅದೇ ವರ್ಷ ಕೆಲಸ ಶುರುವಾಯಿತು. ಆಜ್ಞೆಯಲ್ಲಿ ಊರಿನ ಹೆಸರು ಇನ್ನೂ ಹಾಜಿಬೇ. ‘ಒಡೆಸಾ’ ಕಾಗದಪತ್ರಗಳಲ್ಲಿ ಕಾಣಿಸಿಕೊಳ್ಳುವುದು 1795ರ ಜನವರಿಯಿಂದ.

ಒಡೆಸ್ಸೋಸ್ ಇಲ್ಲೇ ಇತ್ತೆಂದು ನಂಬಿ, ಹೆಸರು ಹೆಣ್ಣಾಗಲಿ ಎಂದು ರಾಣಿ ಅದನ್ನು ‘ಒಡೆಸಾ’ ಮಾಡಿದಳೆಂಬ ಕತೆ ಅಲ್ಲಿ ಮನೆಮಾತು. ಫ್ರೆಂಚ್‌ನ ‘ಅಸೇ ದೊ’, ಅಂದರೆ ‘ಬೇಕಾದಷ್ಟು ನೀರು’ ಎಂಬ ಮಾತನ್ನು ತಿರುಗಿಸಿ ಉಚ್ಚರಿಸಿದ್ದೇ ಒಡೆಸಾ ಆಯಿತೆಂಬ ಇನ್ನೊಂದು ಕತೆಯೂ ಇದೆ. ಕುಡಿಯುವ ನೀರಿಗೆ ಬಹುಕಾಲ ಒದ್ದಾಡಿದ ಊರು ತನ್ನನ್ನೇ ಗೇಲಿ ಮಾಡಿಕೊಂಡ ಕತೆ ಅದು.

ರಾಣಿಯದು ಬರೀ ತಪ್ಪು ತಿಳಿವಳಿಕೆ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಹಡಗಿನವರಿಗೆ ತೀರದ ಊರುಗಳನ್ನು ಒಂದೊಂದಾಗಿ ಹೇಳುವ ‘ಪೆರಿಪ್ಲಸ್’ ಎಂಬ ಬರವಣಿಗೆಯ ಜಾತಿಯನ್ನು ನೀವು ಪಾಠ ಮಾಡಿಯೇ ಇರುತ್ತೀರಿ. ನಮ್ಮ ಪಶ್ಚಿಮ ಕರಾವಳಿಯ ಬಂದರುಗಳು ಬರುವುದೂ ಅಂಥದ್ದೊಂದರಲ್ಲೇ. ಕ್ರಿ.ಶ. 2ನೇ ಶತಮಾನದಲ್ಲಿ ಅರಿಯನ್ ಎಂಬ ಗ್ರೀಕ್ ಲೇಖಕ ಕಪ್ಪು ಸಮುದ್ರದ ಪೆರಿಪ್ಲಸ್ ಬರೆದ. ಅದರಲ್ಲಿ ವಾರ್ನಾ ಕಡೆಯ ಒಡೆಸ್ಸೋಸ್ ಅಲ್ಲದೆ, ಉತ್ತರ ತೀರದಲ್ಲಿ, ಇಂದಿನ ಒಡೆಸಾದ ಆಸುಪಾಸಿನಲ್ಲೇ, ಹಡಗು ತಂಗುವ ಇನ್ನೊಂದು ಒಡೆಸ್ಸೋಸ್ ಬರುತ್ತದೆ. ಹೆಸರು ಇಟ್ಟವರು ಪುಸ್ತಕ ಓದದವರಲ್ಲ.

ಅಕ್ಕಪಕ್ಕದ ಊರುಗಳನ್ನೂ ನೋಡಿ. ಖೆರ್ಸಾನ್ ನಗರಕ್ಕೆ 1778ರಲ್ಲಿ ಇಟ್ಟದ್ದು ಪ್ರಾಚೀನ ಖೆರ್ಸೊನೆಸೋಸ್ ಬಂದರಿನ ಹೆಸರು. ಆ ಬಂದರಿನ ಅವಶೇಷಗಳಿರುವುದು ಖೆರ್ಸಾನಿನಲ್ಲಲ್ಲ, ಕ್ರಿಮಿಯಾದ ಸೆವಾಸ್ತೊಪೋಲ್‌ನಲ್ಲಿ. ಸರಿ, ಸೆವಾಸ್ತೊಪೋಲ್? ಸೆಬಾಸ್ಟೊಪೊಲಿಸ್ ಎಂಬ ಪ್ರಾಚೀನ ಬಂದರು ಇದ್ದದ್ದು ಸಮುದ್ರದ ಪೂರ್ವ ದಡದ ಸುಖುಮಿಯಲ್ಲಿ. ರೋಮನ್ ಕವಿ ಓವಿಡ್ ಗಡಿಪಾರಾಗಿ ಸತ್ತದ್ದು ಇಂದಿನ ರೊಮೇನಿಯಾದ ಕಾನ್ಸ್ಟಾಂಟಾದಲ್ಲಿ, ಅವನ ಹೆಸರಿನ ಓವಿಡಿಯೊಪೋಲ್ ಇರುವುದು ಒಡೆಸಾದ ಮಗ್ಗುಲಲ್ಲಿ. ಒಂದು ಊರಾದರೆ ಕೈತಪ್ಪು ಅನ್ನಬಹುದು. ಸಾಲಿಗೆ ಸಾಲೇ ಹೀಗಿದ್ದರೆ ಏನನ್ನುತ್ತೀರಿ?

ತುರ್ಕರಿಂದ ಗೆದ್ದ ನೆಲದ ಮೇಲೆ ತುರ್ಕಿ, ತಾತಾರ್ ಹೆಸರುಗಳು ಉಳಿಯುವುದು ಕ್ಯಾಥರೀನಳಿಗೆ ಬೇಡವಾಗಿತ್ತು. ಹಿಂದೆ ಕಾನ್‌ಸ್ಟಾಂಟಿನೋಪಲ್ ಎನಿಸಿದ್ದ ಇಸ್ತಾಂಬುಲ್ ಅನ್ನೇ ಗೆದ್ದು ಗ್ರೀಕ್ ಸಾಮ್ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸುವ ಕನಸು ಅವಳದು. 1779ರಲ್ಲಿ ಹುಟ್ಟಿದ ಮೊಮ್ಮಗನಿಗೆ ಕಾನ್‌ಸ್ಟಾಂಟಿನ್ ಎಂದು ಹೆಸರಿಟ್ಟದ್ದೂ ಆ ಲೆಕ್ಕದಲ್ಲೇ. ನೆಲ ನಿನ್ನೆ ಮೊನ್ನೆ ಸಿಕ್ಕಿದ್ದು, ಹೆಸರು ಮಾತ್ರ ಎರಡು ಸಾವಿರ ವರ್ಷದ್ದು: ಪಹಣಿಯಲ್ಲಿ ಹಳೆಯ ತಾರೀಕು ಬರೆಸಿದ ಹಾಗೆ. ನನ್ನಂಥವನು ಇನ್ನೂರ ಮೂವತ್ತು ವರ್ಷದ ಊರನ್ನು 2,600 ವರ್ಷದ್ದೆಂದು ಅಚ್ಚು ಹಾಕಿಸುತ್ತಾನೆಂದರೆ ಆ ಯುಕ್ತಿ ಇನ್ನೂ ಕೆಲಸ ಮಾಡುತ್ತಿದೆ. ಆ ರಾಣಿಯ ಪ್ರತಿಮೆಯನ್ನು ಒಡೆಸಾದವರು 2022ರ ಡಿಸೆಂಬರಿನಲ್ಲಿ ಇಳಿಸಿದರು. ಊರಿನ ಹೆಸರನ್ನು ಉಳಿಸಿಕೊಂಡಿದ್ದಾರೆ, ರಷ್ಯನ್ ಬರಹದ ಎರಡು ‘ಸ’ ಬಿಟ್ಟು, ಉಕ್ರೇನಿ ಬರಹದಲ್ಲಿ ಒಂದೇ ‘ಸ’ ಹಾಕಿ.

ನಾವು ನಗುವ ಹಾಗಿಲ್ಲ ಬಿಡಿ. ಗ್ರೀಕ್ ನಾವಿಕರ ‘ಕಲ್ಲಿಯೇನಾ’ ಎಂದರೆ ಮುಂಬಯಿ ಪಕ್ಕದ ಕಲ್ಯಾಣ್. ಅದನ್ನು ಬಸವಣ್ಣನವರ ಕಲ್ಯಾಣವೆಂದು ಎಣಿಸಿ, ಸಮುದ್ರದ ಗಾಳಿಯೂ ಸೋಕದ ಬೀದರ್ ಸೀಮೆಯಲ್ಲಿ ಹಡಗು ನಿಲ್ಲಿಸಿದ ಲೇಖನವೊಂದು ಹಿಂದೆ ನನ್ನ ಮೇಜಿಗೂ ಬಂದಿತ್ತು. ಅದನ್ನು ಮಾತ್ರ ಹಿಡಿದಿದ್ದೆ.

ಕಳೆದ ಸಂಚಿಕೆಯ ಆ ಸಾಲಿನಲ್ಲಿ ‘ಒಡೆಸಾ’ ಇರುವಲ್ಲಿ ‘ಒಡೆಸ್ಸೋಸ್, ಇಂದಿನ ವಾರ್ನಾ’ ಎಂದು ಓದಿಕೊಳ್ಳಬೇಕಾಗಿ ಕೋರಿಕೆ. ಮತ್ತೆ ನಿಮ್ಮ ತಂಗಿಯ ಮಗನನ್ನು ಒಂದು ಮಾತು ಕೇಳಿ. ಒಡೆಸಾದ ಕಡಲಂಚಿನ ಬುಲೆವಾರ್ಡಿನಲ್ಲಿ, 192 ಮೆಟ್ಟಿಲುಗಳ ಹತ್ತಿರ, ಗಾಜು ಹೊದಿಸಿದ ಒಂದು ಅಗೆತದ ಗುಂಡಿ ಇದೆ. ಒಳಗಿರುವುದು ಗ್ರೀಕ್ ವಸತಿಯ ಕುರುಹುಗಳು. ಅಲ್ಲಿದ್ದವರು ಒಡೆಸ್ಸೋಸ್‌ನವರಲ್ಲ. ಅರಿಯನ್ ‘ಇಸ್ಟ್ರಿಯನ್ನರ ಬಂದರು’ ಎಂದು ಕರೆದದ್ದು ಆ ಜಾಗವನ್ನೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಕಾಲೇಜಿಗೆ ಹೋಗಿ ಬರುವಾಗ ಅವನು ಅದರೊಳಗೆ ಇಣುಕಿದ್ದನೇ?