ಏನೂ ಬೇಡ ಎಂದವರ ಮನೆಗೆ ಏನು ಒಯ್ಯಲಿ?

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದುತ್ತಿದ್ದಂತೆ ಕರಾವಳಿಯ ನಮ್ಮಮ್ಮನ ಅಡುಗೆಮನೆ ಕಣ್ಮುಂದೆ ಬಂತು. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ನೀವು ದಾವಣಗೆರೆಯವರು. ಮದುವೆಯಾಗಿದ್ದು ಮಂಗಳೂರಿನ ಕ್ಯಾಥೊಲಿಕ್ ಮನೆಗೆ, ಈಗ ಇರುವುದು ಬೆಂಗಳೂರಿನಲ್ಲಿ. ಕ್ರಿಸ್‌ಮಸ್ ಮಧ್ಯಾಹ್ನದ ಊಟ ಪ್ರತಿ ವರ್ಷ ಮಂಗಳೂರಿನಲ್ಲಿರುವ ಹಿರಿಯ ಓರಗಿತ್ತಿಯ ಮನೆಯಲ್ಲಿ. 22 ಜನ. ಹೋದ ವರ್ಷ ನೀವು ದೊಡ್ಡ ಕ್ರೀಮ್ ಕೇಕ್ ಒಯ್ದಿರಿ. ಅಲ್ಲಿ ಆಗಲೇ ಮೂರು ಕೇಕ್ ಇದ್ದವು, ಫ್ರಿಜ್ಜಿನಲ್ಲಿ ಜಾಗ ಇರಲಿಲ್ಲ. ದಿನವಿಡೀ ಸೋಫಾದ ಮೇಲೆ ಕೂತು, ಊಟ ಮಾಡಿ, ವಾಪಸ್ ಬಂದಿರಿ. "ಏನು ತರಲಿ ಅಂದರೆ ಅಕ್ಕ ಏನೂ ಬೇಡ, ಸುಮ್ನೆ ಬಾ ಅಂತಾರೆ. ನಾನು ಮಾಂಸ ತಿನ್ನಲ್ಲ, ಅವರ ಅಡುಗೆಯೂ ಬರಲ್ಲ. ನನ್ನಿಂದ ಏನಾಗುತ್ತೆ?" ಎಂದು ಕೇಳಿದ್ದೀರಿ.

ಬಹಳ ಆಗುತ್ತೆ. ಮೊದಲು ಆ ಊಟ ಹೇಗೆ ತಯಾರಾಗುತ್ತದೆ ಅಂತ ನೋಡಿ.

ಹಂದಿ ಮಾಂಸದ ಮಸಾಲೆ ಸಾರಾದ ಬಾಫಾತ್‌ಗೆ ಮರುದಿನವೇ ರುಚಿ ಜಾಸ್ತಿ. ಹಾಗಾಗಿ ಅದನ್ನು 24ರಂದೇ ಮಾಡಿಡುತ್ತಾರೆ. ಅದಕ್ಕೆ ರಾಶಿ ಈರುಳ್ಳಿ, ಶುಂಠಿ, ಹಸಿಮೆಣಸು ಹೆಚ್ಚಬೇಕು. ಅದೇ ದಿನ ಇಡ್ಲಿಯಂಥ ಸನ್ನಾಸ್‌ಗೆ ಅಕ್ಕಿ, ಉದ್ದು ನೆನೆಸಿ ರುಬ್ಬಬೇಕು. ಮುಂಚೆ ಶೇಂದಿ ಹಾಕಿ ಹಿಟ್ಟು ಹುದುಗಿಸುತ್ತಿದ್ದರು, ಈಗ ಬಹಳ ಮನೆಗಳಲ್ಲಿ ಯೀಸ್ಟ್. ರಾತ್ರಿ ಎಲ್ಲರೂ ಚರ್ಚಿಗೆ ಹೋಗುತ್ತಾರೆ. ಮಲಗುವುದು ತಡ. ಬೆಳಗ್ಗೆ ಎದ್ದರೆ ಸನ್ನಾಸ್ ಬೇಯಿಸುವುದು. ತಲೆಗೆ ನಾಲ್ಕು ಅಂದರೂ 88. ಒಂದು ಒಲೆ ಅದಕ್ಕೇ ಮೀಸಲು. ನೀವು 25ರ ಮಧ್ಯಾಹ್ನ ಕೇಕ್ ಹಿಡಿದು ಒಳಗೆ ಬರುವ ಹೊತ್ತಿಗೆ ನಿಮ್ಮ ಓರಗಿತ್ತಿ ಎರಡು ದಿನ ನಿಂತೇ ಇದ್ದಾರೆ.

ಅವರು "ಏನೂ ಬೇಡ" ಎನ್ನುವುದು ಬಿಂಕದಿಂದಲ್ಲ. ಯಾರಿಗೆ ಏನು ಹೇಳಬೇಕು ಎಂದು ಯೋಚಿಸುವುದೂ ಅವರಿಗೆ ಇನ್ನೊಂದು ಕೆಲಸ. ಅದಕ್ಕೇ "ಏನು ತರಲಿ?" ಅಂತ ಕೇಳಬೇಡಿ. "ಅಕ್ಕಾ, 24ರ ಬೆಳಗ್ಗೆ ಬರ್ತೀವಿ. ಈರುಳ್ಳಿ, ಬೆಳ್ಳುಳ್ಳಿ ಎಲ್ಲ ನಂದು. ನೀವು ಚಾಕು ಮುಟ್ಟಬೇಡಿ" ಅನ್ನಿ. ನಮ್ಮ ಮನೆಗೆ ಚಿಕ್ಕಮ್ಮ ಒಬ್ಬರು ಹೀಗೇ ಬರುತ್ತಿದ್ದರು. ಚಾಕು ಕೂಡ ಅವರದೇ. ಹಿತ್ತಲ ಮೆಟ್ಟಿಲ ಮೇಲೆ ಕೂತು ಮೂರು ಕೆಜಿ ಈರುಳ್ಳಿ ಸುಲಿದು ಏಳುತ್ತಿದ್ದರು. ಅವರು ಬಂದರೆಂದರೆ ಅಮ್ಮನ ಮುಖ ಸಡಿಲಾಗುತ್ತಿತ್ತು. ನನಗೆ ಈಗಲೂ ನೆನಪಿದೆ. ಯಾರು ಯಾವ ಕೇಕ್ ತಂದರು ಅನ್ನುವುದು ಒಂದೂ ನೆನಪಿಲ್ಲ.

ಇನ್ನು ನಿಮ್ಮ ಅಡುಗೆ. ಸಸ್ಯಾಹಾರ ಅಲ್ಲಿ ಹೊರಗಿನದೇನಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಅದೇ ಮನೆಯಲ್ಲಿ ಹೊಸ ಭತ್ತದ ತೆನೆ ತಂದು, ಬರೀ ತರಕಾರಿ ಅಡುಗೆ ಮಾಡಿ ಬಡಿಸಿರುತ್ತಾರೆ. ಹಾಗಾಗಿ ಸಂಕೋಚ ಬಿಡಿ. ಆದರೆ ನಿಮ್ಮೊಬ್ಬರಿಗೆ ಅಂತ ಚಿಕ್ಕ ಡಬ್ಬಿ ಕಟ್ಟಿಕೊಂಡು ಹೋಗಬೇಡಿ, ದಯವಿಟ್ಟು. ಮೇಜಿನ ಮೇಲೆ ಅದು ಬೇರೆ ಪಂಕ್ತಿಯ ಹಾಗೆ ಕಾಣುತ್ತದೆ. ಎಲ್ಲರಿಗೂ ಆಗುವಷ್ಟು ಎಣ್ಣೆಗಾಯಿ ಮಾಡಿ. ಸನ್ನಾಸ್ ಜೊತೆ ಅದು ಎಷ್ಟು ಹೊಂದುತ್ತದೆ ಗೊತ್ತಾ! ಹುರಿದ ಶೇಂಗಾ, ಎಳ್ಳಿನ ಪುಡಿಯನ್ನು ಬೆಂಗಳೂರಲ್ಲೇ ಮಾಡಿಕೊಳ್ಳಿ. ತಲೆಗೆ ಎರಡರಂತೆ ಸುಮಾರು 45 ಸಣ್ಣ ಬದನೆಕಾಯಿ ಬೇಕಾಗುತ್ತದೆ. 25ರ ಬೆಳಗ್ಗೆ ಸನ್ನಾಸ್ ಒಲೆಗೆ ಏರುವ ಮೊದಲೇ ಮಾಡಿ ಮುಗಿಸಿ. ತಣ್ಣಗಾದರೂ ರುಚಿ ಕೆಡದು, ಮತ್ತೆ ಬಿಸಿ ಮಾಡಬೇಕಿಲ್ಲ. ಒಲೆ ಖಾಲಿ ಇಲ್ಲದ ಮನೆಗೆ ಇದು ದೊಡ್ಡ ಅನುಕೂಲ.

ಸಿಹಿಗೆ ಶೇಂಗಾ ಹೋಳಿಗೆ ಒಯ್ಯಿರಿ. ಕಡಲೆಬೇಳೆ ಹೋಳಿಗೆ ಬೇಡ, ಮಂಗಳೂರಿನ ಸೆಕೆಗೆ ಬೇಗ ಹಳಸುತ್ತದೆ. ಶೇಂಗಾದ್ದು ಡಬ್ಬಿಯಲ್ಲೇ ವಾರ ಇರುತ್ತದೆ, ಫ್ರಿಜ್ ಕೇಳುವುದಿಲ್ಲ. ಅದನ್ನು ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಲ್ಲೇ ಜೋಡಿಸಿ. ಆ ತಟ್ಟೆಯ ನೆವ್ರಿ ನೋಡಿ, ನಿಮ್ಮೂರಿನ ಕರ್ಜಿಕಾಯಿಯ ತಂಗಿ ಅದು. ಚಕ್ಕುಲಿಯೂ ಅಲ್ಲಿರುತ್ತದೆ. ನಿಮ್ಮ ಹೋಳಿಗೆ ಅವುಗಳ ಪಕ್ಕ ಕೂತರೆ ನೆಂಟರ ಪಕ್ಕ ಕೂತಂತೆ. ರಜೆ ಸಿಕ್ಕರೆ ಇನ್ನೂ ಎರಡು ದಿನ ಮೊದಲೇ ಹೋಗಿ, ಕಿಡಿಯೊ ಎಂಬ ಕರಿಯುವ ಸಿಹಿತಿಂಡಿಯ ಸುರುಳಿ ಸುತ್ತಲು ಕೂತುಬಿಡಿ. ಫೋರ್ಕಿನ ಬೆನ್ನಿಗೆ ಹಿಟ್ಟಿನ ಚೂರು ಒತ್ತಿ ಸುತ್ತುವುದು, ಅಷ್ಟೇ. ಮಕ್ಕಳೂ ಕಲಿಯುತ್ತಾರೆ. ಮನೆಯವರ ಸುದ್ದಿಯೆಲ್ಲ ಹೊರಬರುವುದು ಅಲ್ಲೇ.

ಖರ್ಚಿನ ವಿಷಯ ನಿಮ್ಮ ಯಜಮಾನರಿಗೆ ಬಿಡಿ. ಅಣ್ಣನ ಕೈಗೆ ದುಡ್ಡು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಮಾಂಸಕ್ಕೆ ಮೊದಲೇ ಫೋನಿನಲ್ಲಿ ಹೇಳಿಟ್ಟು, 24ರ ಬೆಳಗ್ಗೆ ಅಂಗಡಿ ಮುಂದಿನ ಕ್ಯೂನಲ್ಲಿ ಇವರೇ ನಿಂತು, ದುಡ್ಡು ಕೊಟ್ಟು ತರಲಿ. ಎಷ್ಟು ಕೆಜಿ, ಯಾವ ಅಂಗಡಿ ಅಂತ ಅತ್ತಿಗೆಯನ್ನೇ ಕೇಳಲಿ.

ಊಟ ಮುಗಿದ ಮೇಲಿನ ಒಂದು ಗಂಟೆ ಬಹಳ ಮುಖ್ಯ. ಎಲ್ಲರಿಗೂ ನಿದ್ದೆ ಬರುವ ಹೊತ್ತು ಅದು. ಪಾತ್ರೆಗಳು ಸಿಂಕು ದಾಟಿ ನೆಲದ ಮೇಲೆ ಇರುತ್ತವೆ. ಬಾಫಾತ್ ಪಾತ್ರೆ ಮುಟ್ಟುವುದು ನಿಮಗೆ ಕಷ್ಟವಾದರೆ ಅದನ್ನು ಯಜಮಾನರು ತೊಳೆಯಲಿ, ತಟ್ಟೆ ಲೋಟ ನೀವು ತೊಳೆಯಿರಿ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ. ಅಷ್ಟು ಹೊತ್ತು ಅಕ್ಕನನ್ನು ಕೋಣೆಗೆ ಕಳಿಸಿ, ಫ್ಯಾನ್ ಹಾಕಿ, ಬಾಗಿಲು ಮುಂದೆ ಮಾಡಿ.

ಹಾಂ, ಹೊರಡುವಾಗ ಬ್ಯಾಗಿನಲ್ಲಿ ಎರಡು ಖಾಲಿ ಡಬ್ಬಿ ಇಟ್ಟುಕೊಳ್ಳಿ. ಒಂದು ನಿಮಗೆ, ಒಂದು ದಾವಣಗೆರೆಯ ನಿಮ್ಮಮ್ಮನಿಗೆ. ವಾಪಸ್ ಬರುವಾಗ ಓರಗಿತ್ತಿ ಕುಸ್ವಾರ್ ತುಂಬಿಸಿ ಕೊಡುತ್ತಾರೆ. ಡಬ್ಬಿ ಹುಡುಕುವ ಕೆಲಸ ಅವರಿಗೆ ತಪ್ಪುತ್ತದೆ.

ಪ್ರೀತಿಯಿಂದ,
ಸಂಪಾದಕಿ